ಮಷೀನು ಇರುವ ದ್ವೀಪಗಳು

ದಂಡೆಯ ಮೇಲೆ ಅಪ್ಪ ಇರಲಿಲ್ಲ. ಇದನ್ನು ಅವಳು ತನಗೆ ತಾನೇ ಒಪ್ಪಿಕೊಂಡಿದ್ದು ಆವತ್ತು ಬೆಳಿಗ್ಗೆ, ಅಪ್ಪನ ತೋಳಿಗೆ ಎರಡನೆಯ ಸೂಜಿ ಚುಚ್ಚುವಾಗ ಎಂದಿನಂತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದಾಗ. ಕೆಲವು ವಾರಗಳಿಂದ ಮನೆಯಲ್ಲೂ ಆಸ್ಪತ್ರೆಯಲ್ಲೂ ದ್ವೀಪದ ಮಾತೇ ಮಾತು. ಮಾತು ಎತ್ತಿದಾಗೆಲ್ಲ ಅವಳ ಕಣ್ಣ ಮುಂದೆ ಒಂದೇ ಚಿತ್ರ ಬರುತ್ತಿತ್ತು: ಒದ್ದೆ ಮರಳು, ಅದರ ಮೇಲೆ ಅವಳ ಬರಿಗಾಲು, ಹಿಂದೆ ಒಂದಷ್ಟು ತೆಂಗಿನ ಮರ. ಅಪ್ಪನನ್ನು ಆ ಚಿತ್ರದೊಳಗೆ ಕರೆತರಲು ಅವಳು ಪ್ರಯತ್ನಪಡದೆ ಇರಲಿಲ್ಲ. ಒಂದು ಮರದಡಿ ಕುರ್ಚಿ ಹಾಕಿ ಕೂರಿಸುತ್ತಿದ್ದಳು. ಕೂತ ಕೂಡಲೇ ಕುರ್ಚಿಯ ಪಕ್ಕದಲ್ಲಿ ಮಾತ್ರೆಯ ಡಬ್ಬಿ ಪ್ರತ್ಯಕ್ಷವಾಗುತ್ತಿತ್ತು, ಐಸಿನ ಫ್ಲಾಸ್ಕು ಬರುತ್ತಿತ್ತು, ಬಿಪಿ ನೋಡುವ ಪಟ್ಟಿ, ಒರೆಸುವ ಬಟ್ಟೆ, ಇನ್ನೊಂದು ಜೊತೆ ಅಂಗಿ. ನೋಡನೋಡುತ್ತ ದ್ವೀಪ ಈ ವಾರ್ಡೇ ಆಗಿಬಿಡುತ್ತಿತ್ತು. ಆಮೇಲೆ ಅವಳು ಬೇರೇನೋ ಯೋಚಿಸುತ್ತಿರುವಾಗ ಮರಳು ತಾನಾಗಿಯೇ ಮರಳಿ ಬರುತ್ತಿತ್ತು, ಅಪ್ಪನಿಲ್ಲದೆ. ಎಂಥ ಮಗಳು ನಾನು, ಅಂದುಕೊಂಡಳು.

ಸೂಜಿ ಸರಿಯಾಗಿ ಕೂತಿತು. ಟೆಕ್ನಿಷಿಯನ್ ಹುಡುಗಿ ಪ್ಲಾಸ್ಟರು ಅಂಟಿಸಿ ಗುಂಡಿ ಒತ್ತಿದಳು. ಅಪ್ಪನ ರಕ್ತ ಕೊಳವೆಯಲ್ಲಿ ಹೊರಟು, ಮಷೀನು ಸುತ್ತಿಕೊಂಡು, ಮತ್ತೆ ಅಪ್ಪನೊಳಗೇ ಸೇರತೊಡಗಿತು. ಇನ್ನು ನಾಲ್ಕು ಗಂಟೆ ಹೀಗೇ. ಅವಳು ಸ್ಟೂಲು ಎಳೆದುಕೊಂಡು, ಪ್ರೆಸ್ಸಿನಿಂದ ತಂದ ಕರಡಚ್ಚಿನ ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡಳು. ಶಾಲೆಯ ಪುಸ್ತಕಗಳನ್ನು ಅಚ್ಚು ಹಾಕುವ ಒಂದು ಪ್ರೆಸ್ಸಿಗೆ ಅವಳು ಕರಡು ತಿದ್ದಿಕೊಡುತ್ತಿದ್ದಳು. ಡಿಗ್ರಿ ಮುಗಿದ ವರ್ಷವೇ ಅಪ್ಪನ ಕಿಡ್ನಿಗಳು ಕೈಕೊಟ್ಟಿದ್ದರಿಂದ, ಎಲ್ಲಿ ಬೇಕಾದರೂ ಕೂತು ಮಾಡಬಹುದಾದ ಕೆಲಸವನ್ನೇ ಹುಡುಕಿಕೊಂಡಿದ್ದಳು. ಕರಡಿನ ಹಾಳೆಗಳು ಎದುರು ಮಾತಾಡುವುದಿಲ್ಲ, ಏನಾದರೂ ಹೇಳು ಎಂದು ಒತ್ತಾಯ ಮಾಡುವುದಿಲ್ಲ. ಅದೂ ಅವಳಿಗೆ ಹಿಡಿಸಿತ್ತು. ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಉಳಿದವರು ಇವರಿಬ್ಬರೇ.

ದ್ವೀಪದ ಹುಚ್ಚು ಹತ್ತಿಸಿದವನು ಒಬ್ಬ ಪ್ರವಾಸಿ. ಅವನ ಕಿಡ್ನಿಗಳೂ ಕೆಟ್ಟಿದ್ದವು. ಊರೂರು ಸುತ್ತುತ್ತ ಹೋದ ಕಡೆಯಲ್ಲೆಲ್ಲ ಒಂದು ಕುರ್ಚಿ ಹಿಡಿದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಆಸಾಮಿ. ಒಂದು ದಿನ ಇಲ್ಲಿ ಖಾಲಿ ಇದ್ದ ಮೂಲೆಯ ಕುರ್ಚಿಗೆ ಹೂವಿನ ಅಂಗಿ ಹಾಕಿಕೊಂಡು ಬಂದು ಕೂತ. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ದ್ವೀಪಗಳಲ್ಲೂ ಮಷೀನು ಇರುತ್ತೆ, ಮೊದಲೇ ಫೋನು ಮಾಡಿ ಹೇಳಿದರೆ ಕುರ್ಚಿ ಇಟ್ಟಿರುತ್ತಾರೆ, ಬೆಳಿಗ್ಗೆ ಸೂಜಿ ಹಾಕಿಸಿಕೊಂಡು ಸಂಜೆ ಸಮುದ್ರದಲ್ಲಿ ಕಾಲು ಇಳಿಬಿಟ್ಟು ಕೂರಬಹುದು ಎಂದು ಹೇಳಿ ಹೋದ. ಅವನು ಮತ್ತೆ ಬರಲಿಲ್ಲ. ಮಾತು ಮಾತ್ರ ಇಲ್ಲೇ ಉಳಿಯಿತು.

ಅಪ್ಪನ ಪಾಳಿಯವರಿಗೆ ದ್ವೀಪದ ಹುಚ್ಚು ಹಬ್ಬಿದ ಬಗೆ ನೋಡಬೇಕಿತ್ತು. ವಾರಕ್ಕೆ ಮೂರು ಸಲ ಅದೇ ಕುರ್ಚಿಗಳಲ್ಲಿ ಅದೇ ಮುಖಗಳು. ಅಪ್ಪನ ಎಡಕ್ಕೆ ಟೈಲರಮ್ಮ, ಬಲಕ್ಕೆ ಲೆಕ್ಕದ ಮೇಷ್ಟ್ರು, ಎದುರಿಗೆ ಪೈಲ್ವಾನ. ಪೈಲ್ವಾನ ಎಂದರೆ ಗಾಳಿ ಬೀಸಿದರೆ ಹಾರಿಹೋಗುವಂಥ ಮನುಷ್ಯ, ಯಾರು ಯಾವಾಗ ಆ ಹೆಸರಿಟ್ಟರೋ. ದ್ವೀಪಗಳ ನಿಜವಾದ ಹೆಸರುಗಳು ಯಾರ ನಾಲಿಗೆಗೂ ಒಗ್ಗದೆ, ಅವರೇ ಹೆಸರು ಕೊಟ್ಟುಕೊಂಡರು. ಆಮೆ ದ್ವೀಪ, ಲವಂಗದ ದ್ವೀಪ, ಬೆಂಕಿಬೆಟ್ಟದ ದ್ವೀಪ. ಆಮೆ ದ್ವೀಪದಲ್ಲಿ ವಿಮಾನ ಇಳಿದ ಕಡೆಯೇ ಆಸ್ಪತ್ರೆ, ಮಷೀನುಗಳೂ ಹೊಸವು ಎಂದು ಮೇಷ್ಟ್ರು ಅದಕ್ಕೇ ಜೋತುಬಿದ್ದರು. ಟೈಲರಮ್ಮನಿಗೆ ಲವಂಗದ ದ್ವೀಪವೇ ಆಗಬೇಕು, ಆಸ್ಪತ್ರೆ ವಾಸನೆ ಮೂಗಿಗೆ ಹತ್ತಿ ಎಷ್ಟು ವರ್ಷವಾಯಿತು, ಒಂದು ಸಲವಾದರೂ ಬೇರೆ ವಾಸನೆ ಮೂಸಬೇಡವೇ ಎಂದು ಅವರ ವಾದ. ಅಷ್ಟು ದೂರ ಹೋಗಿ ಬೆಂಕಿ ಉಗುಳುವ ಬೆಟ್ಟ ನೋಡದೆ ಬಂದರೆ ಮರ್ಯಾದೆಯೇ ಎಂದು ಪೈಲ್ವಾನ ಕೇಳುತ್ತಿದ್ದ.

"ಸುತ್ತ ನೀರು, ಕುಡಿಯೋಕೆ ದಿನಕ್ಕೆ ಮೂರು ಲೋಟ," ಎಂದು ಮೇಷ್ಟ್ರು ಒಮ್ಮೆ ಅಂದರು. "ನಮ್ಮಂಥೋರಿಗೇ ಹೇಳಿ ಮಾಡಿಸಿದ ಜಾಗ ಅದು."

ಇಡೀ ಸಾಲು ನಕ್ಕಿತು. ನಗುವಾಗ ಸೂಜಿ ಇರುವ ತೋಳು ಅಲುಗದಂತೆ ನಗುವುದು ಅವರಿಗೆಲ್ಲ ಅಭ್ಯಾಸವಾಗಿತ್ತು.

ಇಷ್ಟೆಲ್ಲ ಜಗಳವಾಡುತ್ತಿದ್ದವರಲ್ಲಿ ಯಾರೂ ಹೋಗುವವರಲ್ಲ. ಮೇಷ್ಟ್ರ ಹೃದಯಕ್ಕೆ ವಿಮಾನ ಏರುವ ತಾಕತ್ತಿರಲಿಲ್ಲ. ಟೈಲರಮ್ಮ ಊರು ಬಿಟ್ಟರೆ ಅಂಗಡಿಯ ಬಾಗಿಲು ತೆಗೆಯುವವರಿರಲಿಲ್ಲ. ಪೈಲ್ವಾನನ ಜೊತೆಗೆ ಹೋಗಲು ಒಂದು ನರಪಿಳ್ಳೆಯೂ ಇರಲಿಲ್ಲ, ಅವನು ಡಯಾಲಿಸಿಸ್ಸಿಗೇ ಒಬ್ಬನೇ ಬಸ್ಸಿನಲ್ಲಿ ಬಂದು ಒಬ್ಬನೇ ಹೋಗುತ್ತಿದ್ದ. ಕರೆದುಕೊಂಡು ಹೋಗುವ ಮಗಳಿದ್ದದ್ದು ಅಪ್ಪನೊಬ್ಬನಿಗೇ. ಹಾಗಾಗಿ ಅಪ್ಪ ಆ ಇಡೀ ಸಾಲಿನ ಪರವಾಗಿ ಹೋಗಿಬರಬೇಕಿತ್ತು. ಅಪ್ಪನಿಗೂ ಆಸೆ ಇಲ್ಲದಿರಲಿಲ್ಲ. ಲಿಫ್ಟು ರಿಪೇರಿ ಮಾಡುತ್ತ ಆಯಸ್ಸು ಕಳೆದವನು ಅವನು. "ಜೀವನಪೂರ್ತಿ ಮೇಲೆ ಹೋದೆ, ಕೆಳಗೆ ಬಂದೆ. ಪಕ್ಕಕ್ಕೆ ಅಂತ ಹೋಗ್ಲೇ ಇಲ್ಲ ನೋಡಿ," ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಬೀದಿಯ ಅಂಗಡಿಯಲ್ಲಿ ಒಂದು ಅಗಲ ಅಂಚಿನ ಟೋಪಿ ಕೊಂಡು, ಅದನ್ನು ವಾರ್ಡಿಗೂ ಹಾಕಿಕೊಂಡು ಬಂದಿದ್ದ. ತೂಕ ನೋಡುವ ಮೊದಲು ಟೋಪಿ ತೆಗೆಯಿರಿ ಎಂದು ಸಿಸ್ಟರ್ ಹೇಳಬೇಕಾಯಿತು.

ಫೋನು ಮಾಡುವ ಕೆಲಸ ಅವಳ ಪಾಲಿಗೆ ಬಂತು. ಮನೆಯಲ್ಲಿ ಫೋನು ಬಡಿದುಕೊಂಡರೆ ನಿಲ್ಲುವವರೆಗೂ ಅದನ್ನೇ ನೋಡುತ್ತ ನಿಲ್ಲುವವಳು ಅವಳು. ಅಂಥವಳು ಅಂಗಳದ ಮೆಟ್ಟಿಲ ಮೇಲೆ ಕೂತು, ಹೇಳಬೇಕಾದ ಮಾತನ್ನು ನಾಲ್ಕಾರು ಸಲ ಮನಸ್ಸಿನಲ್ಲೇ ಹೇಳಿಕೊಂಡು, ಕಾಣದ ದೇಶದ ಕಾಣದ ಆಸ್ಪತ್ರೆಗಳಿಗೆ ಫೋನು ಹಚ್ಚಿದಳು. ನೀರು ಶುದ್ಧ ಮಾಡುವ ಯಂತ್ರ ಹೇಗಿದೆ, ಕರೆಂಟು ಹೋದರೆ ಏನು ಮಾಡುತ್ತೀರಿ, ಸೂಜಿ ಯಾವ ಅಳತೆಯದು, ಬಿಪಿ ಬಿದ್ದರೆ ಡಾಕ್ಟರು ಎಷ್ಟು ಹತ್ತಿರದಲ್ಲಿರುತ್ತಾರೆ. ಎಲ್ಲವನ್ನೂ ಕೇಳಿದಳು. ಲವಂಗದ ದ್ವೀಪದ ಹೆಂಗಸೊಬ್ಬಳು ಸಾವಧಾನವಾಗಿ ಉತ್ತರ ಕೊಟ್ಟು, ಕೊನೆಗೆ, ಮಷೀನಿನ ವಿಷಯ ಅಷ್ಟೊಂದು ಕೇಳಿದಿರಿ, ಸಮುದ್ರದ ವಿಷಯ ಏನೂ ಬೇಡವೇ ಎಂದು ನಕ್ಕಳು. ಅವಳಿಗೆ ಏನು ಕೇಳಬೇಕೋ ತೋಚಲಿಲ್ಲ. ಆಸ್ಪತ್ರೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎಂದು ಕೇಳಿದಳು. ಮೂರನೆಯ ಕುರ್ಚಿಯಿಂದ ಕಾಣುತ್ತದೆ ಎಂದು ಉತ್ತರ ಬಂತು.

ಈ ಸುದ್ದಿ ತಂದು ಹೇಳಿದ ದಿನ ವಾರ್ಡಿನಲ್ಲಿ ಲವಂಗದ ದ್ವೀಪದ ಕಡೆ ತಕ್ಕಡಿ ವಾಲಿತು. ಮೇಷ್ಟ್ರು ಕೂಡ ಸ್ವಲ್ಪ ಮೆತ್ತಗಾದರು.

ಮನೆಯಲ್ಲಿ ಅವಳ ದಿನ ಅಡುಗೆಮನೆಯಲ್ಲಿ ಶುರುವಾಗುತ್ತಿತ್ತು. ತರಕಾರಿಯನ್ನು ಒಮ್ಮೆ ಬೇಯಿಸಿ ನೀರು ಚೆಲ್ಲಿ, ಮತ್ತೊಮ್ಮೆ ಬೇಯಿಸಿ ನೀರು ಚೆಲ್ಲಿ, ಸತ್ವವೆಲ್ಲ ಹೋದ ಮೇಲೆ ಅಪ್ಪನ ತಟ್ಟೆಗೆ ಹಾಕಬೇಕಿತ್ತು. ಉಪ್ಪು ಇಲ್ಲ. ಕುಡಿಯುವ ನೀರು ಒಂದು ಬಾಟಲಿಯಲ್ಲಿ ಬೆಳಿಗ್ಗೆಯೇ ಅಳೆದು ಇಟ್ಟದ್ದು. ಬಾಯಾರಿದಾಗ ಚೀಪಲು ಐಸಿನ ಸಣ್ಣ ಸಣ್ಣ ತುಂಡುಗಳು. ತಾನು ನೀರು ಕುಡಿಯಬೇಕಾದರೆ ಅವಳು ಹಿತ್ತಲಿಗೆ ಹೋಗಿ ಕುಡಿಯುತ್ತಿದ್ದಳು. ಗುಟುಕರಿಸುವ ಸದ್ದು ಅಪ್ಪನಿಗೆ ಕೇಳಿಸಬಾರದು ಎಂದು ಶುರು ಮಾಡಿದ್ದು, ಈಗ ಅಭ್ಯಾಸವಾಗಿ ಅಪ್ಪ ಮನೆಯಲ್ಲಿ ಇಲ್ಲದಾಗಲೂ ಕಾಲು ಹಿತ್ತಲಿಗೇ ನಡೆಯುತ್ತಿತ್ತು. ಮಧ್ಯಾಹ್ನ ಕರಡು ತಿದ್ದುತ್ತ ಕೂತರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ತೂಕಡಿಕೆ ಬರುತ್ತಿತ್ತು. ಹೋದ ತಿಂಗಳು ಮೂರನೇ ತರಗತಿಯ ಪುಸ್ತಕದಲ್ಲಿ ಒಂದು ಇಡೀ ಪುಟ ಅವಳ ಕಣ್ಣು ತಪ್ಪಿ ಹೋಗಿ, ಪ್ರೆಸ್ಸಿನ ಯಜಮಾನರು ಬೈಯದೆ, ಮೈ ಹುಷಾರಿಲ್ಲವೇನಮ್ಮ ಎಂದು ಕೇಳಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಅಪ್ಪನ ತಂಗಿ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದರು. ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ನಿವೃತ್ತರಾದವರು, ಈಗಲೂ ಯಾರನ್ನು ಕಂಡರೂ ಊಟವಾಯಿತಾ, ದೀಪ ಆರಿಸಿದೆಯಾ ಎಂದು ಕೇಳುವ ಚಾಳಿ ಬಿಟ್ಟಿರಲಿಲ್ಲ. ಫೋನು ಮಾಡಿದಾಗೆಲ್ಲ ಅತ್ತೆ ಅದೇ ಮಾತು ಹೇಳುತ್ತಿದ್ದರು. "ಒಂದು ವಾರ ಅವನನ್ನ ನನ್ನ ಕೈಗೆ ಬಿಟ್ಟು ನೀನು ಎಲ್ಲಾದ್ರೂ ಹೋಗಿ ಮಲ್ಕೊಂಡು ಬಾರೇ. ನಾನೇನು ಅವನನ್ನ ನುಂಗಿಬಿಡಲ್ಲ." ಅವಳು ಪ್ರತಿ ಸಲವೂ, ಬೇಡ ಅತ್ತೆ, ನಂಗೇನೂ ಸುಸ್ತಿಲ್ಲ ಎಂದು ಹೇಳಿ, ತಕ್ಷಣ ಅವರ ಮಂಡಿನೋವಿನ ವಿಷಯ ಎತ್ತುತ್ತಿದ್ದಳು.

ಎಳನೀರಿನ ಪ್ರಕರಣ ನಡೆದದ್ದು ಈ ನಡುವೆ. ಅದಕ್ಕೆ ಮೂಲ ಪೈಲ್ವಾನ. ದ್ವೀಪದಲ್ಲಿ ಎಲ್ಲಿ ನೋಡಿದರೂ ಎಳನೀರೇ, ಯಾರೋ ಕೈಗೆ ಕೊಟ್ಟೇಬಿಡುತ್ತಾರೆ, ಕಿಡ್ನಿ ಕೆಟ್ಟವರಿಗೆ ಅದು ವಿಷ, ಅದರೊಳಗಿನ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಿಬಿಡುತ್ತೆ, ಹಾಗಾಗಿ ಹೋಗುವ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂದು ಅವನು ಉಪದೇಶ ಮಾಡಿದ್ದ. ಅಪ್ಪನಿಗೆ ಅದು ಬಹಳ ಸರಿ ಅನ್ನಿಸಿತು. ಅವಳು ಪ್ರೆಸ್ಸಿಗೆ ಹೋಗಿದ್ದಾಗ ಒಂದು ಎಳನೀರು ತಂದು, ಮೂತಿ ಕೆತ್ತಿಸಿ, ಮೇಜಿನ ಮೇಲಿಟ್ಟುಕೊಂಡು, ಕುಡಿಯದೆ ಇರುವ ಅಭ್ಯಾಸಕ್ಕೆ ಕೂತ. ಅವಳು ಸಂಜೆ ಬಂದಾಗ ಬುರುಡೆ ಖಾಲಿಯಾಗಿತ್ತು. ಅಪ್ಪ ಕುರ್ಚಿಯಲ್ಲಿ ಕೂತೇ ಇದ್ದ, ಎದ್ದು ನಿಲ್ಲಲು ಕಾಲಿನಲ್ಲಿ ಕಸುವೇ ಇರಲಿಲ್ಲ. ತುಟಿ ಒಂಥರಾ ಜುಮುಗುಡುತ್ತಿದೆ ಎಂದ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ನೋಡಿ, ಡಾಕ್ಟರು ಅವಸರದಲ್ಲಿ ಓಡಾಡತೊಡಗಿದಾಗಲೇ ಜೀವಕ್ಕೇ ಅಪಾಯವೆಂದು ಅವಳಿಗೆ ಗೊತ್ತಾಯಿತು. ಯಾರದೋ ಪಾಳಿಯ ನಡುವೆ ತೂರಿಸಿ ಅಪ್ಪನನ್ನು ಮಷೀನಿಗೆ ಹಾಕಿದರು. ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಗಾಬರಿಯಾಗಬೇಕಿತ್ತು. ಅದೇನೂ ಆಗಲಿಲ್ಲ. ಮೈಯೆಲ್ಲ ನೆನೆದ ಗೋಣಿಚೀಲದ ಹಾಗೆ ಭಾರವಾಗಿ, ಗೋಡೆಗೆ ತಲೆ ಆನಿಸಿದರೆ ಸಾಕು ಎನ್ನಿಸಿತು. ಆನಿಸಿದಳು. ಕಣ್ಣು ಮುಚ್ಚಿದ್ದೇ ತಡ, ಅದೇ ಒದ್ದೆ ಮರಳು. ಅಲ್ಲಿ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಸಿಸ್ಟರ್ ಬಂದು ಭುಜ ಅಲುಗಿಸಿ, ಈಗ ಪರವಾಗಿಲ್ಲಮ್ಮ, ಒಳಗೆ ಬಾ ಎಂದಾಗ, ಒಂದು ಕ್ಷಣ, ಒಂದೇ ಒಂದು ಕ್ಷಣ, ಎಬ್ಬಿಸಿದರಲ್ಲ ಎಂದು ಸಿಸ್ಟರ್ ಮೇಲೆ ಸಿಟ್ಟು ಬಂದಿತ್ತು.

ಅಪ್ಪ ತಪ್ಪು ಮಾಡಿದ ಮಗುವಿನ ಹಾಗೆ ಅವಳನ್ನು ನೋಡಿದ್ದ. "ಕುಡಿಯಲ್ಲ ಅಂತಲೇ ಕೂತಿದ್ದೆ ಮರಿ. ಮೂತಿ ಕೆತ್ತಿಸಬಾರದಿತ್ತು." ವಾರ್ಡಿನವರು ಆಮೇಲೆ ಒಂದು ವಾರ ಅಪ್ಪನನ್ನು ಆಡಿಕೊಂಡು ನಕ್ಕರು, ಪರೀಕ್ಷೆಗೆ ಮೊದಲೇ ಫೇಲಾದವನು ಎಂದರು. ಪೈಲ್ವಾನ ಮಾತ್ರ ನಗಲಿಲ್ಲ. ಅವಳ ಹತ್ತಿರ ಬಂದು, ನಂದೇ ತಪ್ಪಮ್ಮ, ಬಾಯಿ ಸುಮ್ಮನಿರಲ್ಲ ಎಂದು ಹೇಳಿ ಹೋದ. ಅವಳು, ಪರವಾಗಿಲ್ಲ ಬಿಡಿ, ಎಂದಳು. ಯಾರು ಏನು ಹೇಳಿದರೂ ಅವಳ ಬಾಯಿಂದ ಬರುತ್ತಿದ್ದ ಮಾತು ಅದೊಂದೇ.

ಆವತ್ತು, ಅವಳು ಸ್ಟೂಲಿನ ಮೇಲೆ ಕರಡಿನ ಹಾಳೆ ಹರಡಿಕೊಂಡು ಕೂತಿದ್ದಾಗ, ಸಿಸ್ಟರ್ ಬಂದವರೇ ವಿಷಯಕ್ಕೆ ಬಂದರು. ಬೇರೆ ಊರಿನಿಂದ ಒಬ್ಬರು ಮಗಳ ಮನೆಗೆ ಬರುತ್ತಿದ್ದಾರಂತೆ. ಅಪ್ಪ ಪ್ರವಾಸ ಹೋಗುತ್ತೇವೆ ಎಂದಿದ್ದ ಅದೇ ವಾರ ಅವರಿಗೆ ಒಂದು ಕುರ್ಚಿ ಬೇಕಂತೆ. ಇವರು ಹೋಗುವುದು ಖಚಿತವಾದರೆ ಅಪ್ಪನ ಕುರ್ಚಿ ಅವರಿಗೆ. ಇಲ್ಲದಿದ್ದರೆ ಇವತ್ತೇ ಇಲ್ಲ ಎಂದು ಹೇಳಿಬಿಡಬೇಕು, ಅವರು ಬೇರೆ ಕಡೆ ನೋಡಿಕೊಳ್ಳುತ್ತಾರೆ. "ಮುಗಿಯೋ ಹೊತ್ತಿಗೆ ಹೇಳಿ. ಯಾವ ದ್ವೀಪ ಅಂತ ನಂಗೆ ಬೇಡ, ಹೋಗ್ತೀರೋ ಇಲ್ವೋ ಅಷ್ಟೇ," ಎಂದು ಸಿಸ್ಟರ್ ಮುಂದಿನ ಮಷೀನಿಗೆ ಹೋದರು.

ಸಾಲಿಗೆ ಜೀವ ಬಂತು. ಇದುವರೆಗೆ ಆಡುತ್ತ ಬಂದಿದ್ದು ನಿಜವಾಗುವ ಸೂಚನೆ ಕಂಡು, ಮೇಷ್ಟ್ರು ಗಂಟಲು ಸರಿ ಮಾಡಿಕೊಂಡು, ಓಟು ಹಾಕಿಬಿಡೋಣ ಎಂದರು. ಸೂಜಿ ಇಲ್ಲದ ಕೈ ಎತ್ತಬೇಕು. ಆಮೆಗೆ ಮೇಷ್ಟ್ರು ತಾವೊಬ್ಬರೇ ಎತ್ತಿ, ಸುತ್ತ ನೋಡಿ, ಇಳಿಸಿದರು. ಬೆಂಕಿಬೆಟ್ಟಕ್ಕೆ ಪೈಲ್ವಾನನೂ ಎತ್ತಲಿಲ್ಲ. ಎಳನೀರಿನ ದಿನದಿಂದ ಅವನು ಅಪ್ಪನಿಗೆ ಏನನ್ನೂ ಸೂಚಿಸುವುದನ್ನು ಬಿಟ್ಟಿದ್ದ. ಲವಂಗಕ್ಕೆ ಟೈಲರಮ್ಮ ಎತ್ತಿದರು, ಅಪ್ಪ ಎತ್ತಿದ, ಕೊನೆಗೆ ಮೇಷ್ಟ್ರೂ ಎತ್ತಿದರು. ಮೂರನೆಯ ಕುರ್ಚಿಯನ್ನೇ ಕೇಳಿ ಹಿಡಿದುಕೊಳ್ಳಬೇಕು ಎಂದು ಅಪ್ಪನಿಗೆ ತಾಕೀತಾಯಿತು. ಸಮುದ್ರ ಯಾವ ಬಣ್ಣಕ್ಕಿದೆ ಅಂತ ಅಲ್ಲಿಂದಲೇ ಫೋನಿನಲ್ಲಿ ತೋರಿಸಬೇಕು ಎಂದು ಟೈಲರಮ್ಮ ಹೇಳಿದರು. ಅವರ ಪಾಳಿ ನಡೆಯುವ ಹೊತ್ತಿಗೇ ತೋರಿಸಬೇಕು, ಆಗ ಎಲ್ಲರೂ ಕೂತೇ ಇರುತ್ತಾರೆ.

ಅವಳನ್ನು ಯಾರೂ ಓಟು ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡು ಅವಳು ಹಾಳೆಯ ಮೇಲೆ ಬಾಗಿದಳು. ಒಂದೇ ಸಾಲನ್ನು ಓದುತ್ತಿದ್ದಳು. ಯಾವ ಪಾಠದ್ದೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆ ವಾರ ಹೇಗಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಅಡುಗೆಮನೆಯಲ್ಲಿ ಎರಡು ಸಲ ಬೇಯಿಸುವುದು, ಹೊಸ ಬಾತ್‌ರೂಮಿನಲ್ಲಿ ಅಪ್ಪ ಜಾರದ ಹಾಗೆ ನೋಡಿಕೊಳ್ಳುವುದು, ಹೊಸ ಸಿಸ್ಟರ್‌ಗೆ ತೋಳಿನ ಯಾವ ಜಾಗದಲ್ಲಿ ಸೂಜಿ ಹಾಕಿದರೆ ನೋಯುವುದಿಲ್ಲ ಎಂದು ತಿಳಿಸುವುದು, ದಾರಿಯಲ್ಲಿ ಯಾರಾದರೂ ಎಳನೀರು ಚಾಚಿದರೆ ಅಪ್ಪನಿಗಿಂತ ಮೊದಲು ತಾನು ಕೈ ಅಡ್ಡ ಹಿಡಿಯುವುದು. ಬಂದ ಮೇಲೆ ಎಲ್ಲರೂ, ಒಳ್ಳೆ ರೆಸ್ಟ್ ಆಯ್ತಾ ಎಂದು ಕೇಳುತ್ತಾರೆ. ಆಯ್ತು ಎನ್ನಬೇಕು. ಆಮೇಲೆ ಇನ್ನೆಂದೂ ರಜೆ ಬೇಕು ಎನ್ನುವ ಹಾಗಿಲ್ಲ.

ಮಷೀನು ಕೂಗಿ, ನಾಲ್ಕು ಗಂಟೆ ಮುಗಿಯಿತು. ಟೆಕ್ನಿಷಿಯನ್ ಹುಡುಗಿ ರಕ್ತವನ್ನೆಲ್ಲ ಒಳಗೆ ಕಳಿಸಿ, ಒಂದು ಸೂಜಿ ತೆಗೆದು, ಮಡಚಿದ ಬಟ್ಟೆಯ ಸುರುಳಿ ಇಟ್ಟು, ಅವಳ ಕಡೆ ನೋಡಿದಳು. ಸೂಜಿ ತೆಗೆದ ಜಾಗವನ್ನು ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯಬೇಕು. ಬೇರೆಯವರು ತಮ್ಮ ಇನ್ನೊಂದು ಕೈಯಿಂದ ತಾವೇ ಹಿಡಿದುಕೊಳ್ಳುತ್ತಾರೆ. ಅಪ್ಪನ ಬಲಗೈ ನಡುಗುತ್ತಿದ್ದರಿಂದ ಅದು ಅವಳ ಕೆಲಸವಾಗಿತ್ತು. ಅವಳು ಕೈಗವಸು ಹಾಕಿಕೊಂಡು ಎರಡು ಬೆರಳಿಟ್ಟಳು. ಸಡಿಲ ಬಿಟ್ಟರೆ ರಕ್ತ ಚಿಮ್ಮುತ್ತದೆ, ಅತಿಯಾಗಿ ಒತ್ತಿದರೆ, ಸೂಜಿಗೆಂದೇ ಆಪರೇಷನ್ ಮಾಡಿ ತೋಳಿನಲ್ಲಿ ಜೋಡಿಸಿದ, ಸದಾ ಗುಂಯ್‌ಗುಡುವ ನಾಳವೇ ಕಟ್ಟಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಇಬ್ಬರೂ ಏಳುವ ಹಾಗಿರಲಿಲ್ಲ, ಮುಖ ಅಷ್ಟು ಹತ್ತಿರ ಇದ್ದುದರಿಂದ ಬೇರೆ ಕಡೆ ನೋಡುವುದೂ ಕಷ್ಟ.

"ಸಿಸ್ಟರ್‌ಗೆ ಹೇಳಿಬಿಡೋಣ್ವಾ?" ಎಂದು ಅಪ್ಪ ಮೆಲ್ಲಗೆ ಕೇಳಿದ. ಡಯಾಲಿಸಿಸ್ ಮುಗಿದ ಮೇಲೆ ಅವನ ದನಿ ಯಾವಾಗಲೂ ಹಿಂಡಿದ ಬಟ್ಟೆಯಂತಾಗಿರುತ್ತಿತ್ತು. ಆದರೂ ಕಣ್ಣಿನಲ್ಲಿ ಬೆಳಕಿತ್ತು.

ಅವಳು ಬಟ್ಟೆಯ ಸುರುಳಿಯನ್ನೇ ನೋಡುತ್ತಿದ್ದಳು.

"ಏನೇ, ನಿಂಗೆ ಲವಂಗ ಹಿಡಿಸಲಿಲ್ವಾ? ಆಮೆನೇ ಬೇಕಾ? ಮೇಷ್ಟ್ರು ದುಡ್ಡು ಗಿಡ್ಡು ಕೊಟ್ಟಿದಾರಾ ನಿಂಗೆ?" ಅಪ್ಪ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಅವಳ ಮುಖ ನೋಡಿದ. "ಅಲ್ಲ, ನಿಂಗೆ ಎಲ್ಲಿಗೆ ಹೋಗ್ಬೇಕು ಅಂತಿದೆ ಅಂತ ನಾವ್ಯಾರೂ ಕೇಳ್ಲೇ ಇಲ್ಲ ನೋಡು. ಹೇಳು ಮರಿ. ನೀನು ಹೇಳಿದ್ದೇ ಫೈನಲ್."

ಎಲ್ಲಾದ್ರೂ ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಆಡಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು, ಸಿಸ್ಟರ್ ಆ ಕಡೆ ಫೋನಿನ ಪಕ್ಕದಲ್ಲೇ ನಿಂತಿದ್ದರು. ಪಕ್ಕದ ಕುರ್ಚಿಯಲ್ಲಿ ಟೈಲರಮ್ಮ ತಮ್ಮ ತೋಳು ತಾವೇ ಒತ್ತಿಕೊಂಡು ಕಣ್ಣು ಮುಚ್ಚಿದ್ದರು, ನಿದ್ದೆಯೋ, ಕೇಳಿಸಿಕೊಳ್ಳುತ್ತಿದ್ದರೋ. ಯಾವ ಮಾತಿನಿಂದ ಶುರು ಮಾಡಬೇಕು ಎಂದು ಮನಸ್ಸಿನಲ್ಲಿ ಒಂದು ಸಲ ಹೇಳಿಕೊಳ್ಳಲೂ ಆಗಲಿಲ್ಲ.

"ಅಪ್ಪ," ಎಂದಳು. "ನಾನು ಒಬ್ಬಳೇ ಹೋಗ್ಬೇಕು."

ದೊಡ್ಡ ದನಿಯೇನಲ್ಲ. ಆದರೂ ಅಷ್ಟು ಹತ್ತಿರದಲ್ಲಿ ಕೇಳಿಸದೆ ಇರುವಂತಿರಲಿಲ್ಲ. ಅಪ್ಪ ತೋಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅವಳೂ ಬೆರಳು ತೆಗೆಯಲಿಲ್ಲ. ಬಾಗಿಲ ಹತ್ತಿರ ಮುಂದಿನ ಪಾಳಿಯವರು ಚಪ್ಪಲಿ ಕಳಚಿ ಒಬ್ಬೊಬ್ಬರಾಗಿ ತೂಕದ ಯಂತ್ರ ಹತ್ತಿ ಇಳಿಯುತ್ತಿದ್ದರು. ಕೈಗವಸಿನ ಕೆಳಗೆ, ಬಟ್ಟೆಯ ಕೆಳಗೆ, ಅಪ್ಪನ ರಕ್ತ ಸಣ್ಣಗೆ ಗುಂಯ್‌ಗುಡುತ್ತ ಹರಿಯುತ್ತಿತ್ತು.